ಮನೇಲಿ ಹೇಳೋದು ಹೇಗೆ ಮೇಡಂ?

ಬೆಂಗಳೂರಿನ ಒಂದು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ನಾನು ಆಪ್ತ ಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಮುಂಚೆ, ಆಮೇಲೆ ಜನರ ಜೊತೆ ಕೂತು ಮಾತಾಡೋದು ನನ್ನ ಕೆಲಸ. ಹೊಸದರಲ್ಲಿ ಮಾಡಿದ ಒಂದು ತಪ್ಪು ಇವತ್ತಿಗೂ ಮನಸ್ಸಲ್ಲಿದೆ.

ಪೀಣ್ಯ ಕಡೆಯ ಆಟೋ ಓಡಿಸುವವರೊಬ್ಬರು ಬಂದಿದ್ದರು. ಪಾಸಿಟಿವ್ ಅಂತ ತಿಳಿಸಿ ಐದು ನಿಮಿಷ ಆಗಿರಲಿಲ್ಲ, "ಮುಂದಿನ ಸಲ ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬನ್ನಿ" ಅಂದುಬಿಟ್ಟೆ. ತಲೆ ಆಡಿಸಿ ಹೋದವರು ನಾಲ್ಕು ತಿಂಗಳು ಬರಲೇ ಇಲ್ಲ. ಬಂದಾಗ ಮೈಯೆಲ್ಲಾ ಇಳಿದಿತ್ತು, ಟಿಬಿ ಹಿಡಿದಿತ್ತು.

ಚಿಕಿತ್ಸೆ ಶುರುವಾದ ಮೇಲೆ ಒಂದು ದಿನ ಮಾತ್ರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಿದ್ದರು. ಅಲ್ಲಾಡಿಸಿದರೆ ಸದ್ದಾಗಬಾರದು ಅಂತ ಒಳಗೆ ಹತ್ತಿ ತುರುಕಿದ್ದರು. ನಾನು ಕರ್ಕೊಂಡು ಬನ್ನಿ ಅನ್ನಲಿಲ್ಲ. "ಹೇಳಿದ್ರೆ ಏನಾಗುತ್ತೆ ಅಂತ ಭಯ ಅಣ್ಣ?" ಅಂತ ಕೇಳಿದೆ.

"ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಿಬಿಡ್ತಾಳೆ ಮೇಡಂ."

ಅವತ್ತು ನಾನೇ ಅವರ ಹೆಂಡತಿಯಾಗಿ ಎದುರು ಕೂತೆ. "ಎಲ್ಲಿಂದ ತಂದ್ರಿ ಇದನ್ನ?" ಅಂತ ಕೇಳಿದೆ. ಮೊದಲ ಸಲ ಅತ್ತುಬಿಟ್ಟರು. ಮೂರನೇ ಸಲ ಉತ್ತರ ಕೊಟ್ಟರು. ಮಾತ್ರೆ ತಪ್ಪಿಸದೆ ನುಂಗಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪರೀಕ್ಷೆಯಲ್ಲಿ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ದಾಟಲ್ಲ ಅಂತಲೂ ಹೇಳಿದ್ದೆ. ಆ ಮಾತು ಕೇಳಿದ ಮೇಲೆ ಎಷ್ಟೋ ಗಂಡಸರಿಗೆ ಮನೇಲಿ ಬಾಯಿಬಿಡಲು ಧೈರ್ಯ ಬರುತ್ತೆ. ಅವರ ಒಪ್ಪಿಗೆ ಇಲ್ಲದೆ ನಾನೇ ಮನೆಗೆ ಫೋನ್ ಮಾಡಿ ಹೇಳಿಬಿಡೋ ಹಾಗಿಲ್ಲ, 2017ರ ಎಚ್‌ಐವಿ ಕಾಯ್ದೆ ಈ ಗುಟ್ಟನ್ನು ಕಾಯುತ್ತೆ. ಕಾಯ್ದೆ ಇರದಿದ್ದರೂ ನಾನು ಹಾಗೆ ಮಾಡುತ್ತಿರಲಿಲ್ಲ. ಪಾಸಿಟಿವ್ ಬಂದವರು ಹೆಂಗಸಾದರೆ ನನ್ನ ಮೊದಲ ಪ್ರಶ್ನೆಯೇ ಬೇರೆ: "ಮನೇಲಿ ಹೊಡೀತಾರಾ ಅಮ್ಮ?" ಹೌದು ಅಂದರೆ ನಾನು ಅವಸರ ಮಾಡಲ್ಲ.

ಹದಿನೈದು ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಆಕೆಗೂ ಪಾಸಿಟಿವ್. ನೆಗೆಟಿವ್ ಬಂದಿದ್ದರೂ ಮೂರು ತಿಂಗಳಿಗೆ ಮತ್ತೆ ಕರೆಯುತ್ತಿದ್ದೆ, ಹೊಸ ಸೋಂಕು ತಕ್ಷಣ ಕಾಣದೇ ಇರಬಹುದು.

ಮಕ್ಕಳ ಮಾತು ಬಂದಾಗ ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಆಡ್ಕೊಂಡು ಚೆನ್ನಾಗೇ ಇದ್ದಾರೆ ಮೇಡಂ. ದೊಡ್ಡವಳಿಗೆ ಒಂಬತ್ತು." ಇದೇ ಮಾತನ್ನು ನಾನು ಅತಿ ಜಾಸ್ತಿ ಕೇಳಿರೋದು. ಕೈಕೂಸಾದರೆ ಆರು ವಾರಕ್ಕೇ ಪರೀಕ್ಷೆಗೆ ಕರೆಸಿಕೊಳ್ಳುತ್ತೇವೆ. ಸ್ಕೂಲಿಗೆ ಹೋಗೋ ಮಕ್ಕಳನ್ನೇ ಎಲ್ಲರೂ ಮರೆಯೋದು. ಹುಟ್ಟುವಾಗಲೋ ಎದೆಹಾಲಿನಿಂದಲೋ ಬಂದ ಸೋಂಕು ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ ಸುಮ್ನೆ ಇರುತ್ತೆ. "ಕಿವಿ ಸೋರುತ್ತಾ? ಪದೇ ಪದೇ ಜ್ವರ, ಭೇದಿ?" ಅಂತ ಕೇಳಿದೆ. ಆಕೆ ಗಂಡನ ಮುಖ ನೋಡಿದರು. ಕಿವಿಗೆ ಎರಡು ವರ್ಷದಿಂದ ಔಷಧಿ ಹಾಕುತ್ತಿದ್ದರಂತೆ.

ಶನಿವಾರ ಸ್ಕೂಲು ಬಿಟ್ಟ ಮೇಲೆ ಬನ್ನಿ, ನಾನು ಕಾಯುತ್ತಿರುತ್ತೇನೆ ಅಂದೆ. ಬಂದರು. ಫಲಿತಾಂಶ ಅವತ್ತೇ ಸಿಕ್ಕಿತು. ಮಗನಿಗೆ ನೆಗೆಟಿವ್, ಮಗಳಿಗೆ ಪಾಸಿಟಿವ್.

"ಮೊದಲೇ ಕರ್ಕೊಂಡು ಬಂದಿದ್ರೆ?" ಅಂತ ಆ ತಾಯಿ ಕೇಳಿದರು. ಆ ನಾಲ್ಕು ತಿಂಗಳು ನನಗೆ ನೆನಪಾಯಿತು. ಆಕೆಯ ಕೈ ಹಿಡಿದು ಕೂತೆ.

ಹುಡುಗಿಗೆ ಎಲ್ಲವನ್ನೂ ಒಂದೇ ಸಲ ಹೇಳಲಿಲ್ಲ. ನಿನ್ನ ರಕ್ತದಲ್ಲಿ ಒಂದು ಹುಳ ಇದೆ, ದಿನಾ ಮಾತ್ರೆ ತಗೊಂಡ್ರೆ ಅದು ಮಲಗೇ ಇರುತ್ತೆ ಅಂದೆ. "ಅಪ್ಪನ ಹುಳಾನೂ ಮಲಗಿದ್ಯಾ?" ಅಂತ ಕೇಳಿದಳು.