ವಾರಜೆಯ ಫ್ಲ್ಯಾಟಿಗೆ ನಾವು ಕೊಟ್ಟಿದ್ದೆಷ್ಟು

2024ರಲ್ಲಿ ಪುಣೆಯ ವಾರಜೆಯಲ್ಲಿ ಒಂದು ಹಳೇ ಫ್ಲ್ಯಾಟ್ ತಗೊಂಡೆವು. ಒಂದೇ ಬೆಡ್‌ರೂಮಿನದು. ನಾವು ಇರೋದಕ್ಕಲ್ಲ, ಬಾಡಿಗೆಗೆ ಕೊಡೋದಕ್ಕೆ. ದರ 48 ಲಕ್ಷ. ತಿಂಗಳಿಗೆ 15 ಸಾವಿರ ಬಾಡಿಗೆ ಗ್ಯಾರಂಟಿ ಎಂದ ಏಜೆಂಟ್. ವರ್ಷಕ್ಕೆ 1.80 ಲಕ್ಷ, ಅಂದರೆ ಶೇ 3.75. ಎಫ್‌ಡಿಗಿಂತ ಕಡಿಮೆಯೇ, ಆದರೆ ಜಾಗದ ಬೆಲೆ ಏರುತ್ತದಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ನಾವಿರುವ ಬಿಲ್ಡಿಂಗಿನಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ. ಸಹಕಾರಿ ಬ್ಯಾಂಕಿನಿಂದ ರಿಟೈರ್ ಆದವರು. ಟೋಕನ್ ಕೊಟ್ಟ ಮರುದಿನ ಪೇಡೆ ತಗೊಂಡು ಹೋದೆ. ಪೇಡೆ ತಿನ್ನುತ್ತಾ ಕೇಳಿದರು: "ಬಾಡಗಿ ಎಷ್ಟ ಬರತೈತಿ ಅನ್ನೋದು ಬ್ಯಾಡೋ ತಮ್ಮಾ. ಕೈಯಾಗ ಎಷ್ಟ ಉಳೀತೈತಿ ಹೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿಯೇ ಹೆಂಡತಿ ಒಂದು ನೋಟ್‌ಬುಕ್ ಶುರು ಮಾಡಿದಳು.

ಮೊದಲ ಸಾಲು ಸ್ಟ್ಯಾಂಪ್ ಡ್ಯೂಟಿ. ಪುಣೆಯಲ್ಲಿ ಅದು ಶೇ 7. ಮೂಲ 5, ಎಲ್‌ಬಿಟಿ ಅಂದರೆ ಸ್ಥಳೀಯ ಸಂಸ್ಥೆಯ ತೆರಿಗೆ 1, ಮೆಟ್ರೊ ಹೆಸರಲ್ಲಿ ಇನ್ನೊಂದು. ಕರಾರಿನ ಬೆಲೆ, ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ (ರೆಡಿ ರೆಕನರ್), ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಮನೆ ಬರೀ ಹೆಂಗಸಿನ ಹೆಸರಲ್ಲಿದ್ದರೆ ಮಹಾರಾಷ್ಟ್ರದಲ್ಲಿ ಶೇ 1 ಕಡಿಮೆ. ನಾನು ಇಬ್ಬರ ಹೆಸರೂ ಇರಲಿ ಎಂದಿದ್ದೆ. "ರೀ, ನಿಮ್ಮ ಹೆಸರಿಗೆ 48 ಸಾವಿರ ಬೀಳತದ ನೋಡ್ರಿ" ಎಂದಳು. ನನ್ನ ಹೆಸರು ಹೋಯಿತು. ಕೊನೆಗೆ ಕಟ್ಟಿದ್ದು 2.88 ಲಕ್ಷ. ರಿಜಿಸ್ಟ್ರೇಷನ್ ಶೇ 1, ಆದರೆ 30 ಸಾವಿರ ದಾಟುವುದಿಲ್ಲ.

ಹಳೇ ಮನೆಯಾದ್ದರಿಂದ ಜಿಎಸ್‌ಟಿ ಇರಲಿಲ್ಲ. ಕಟ್ಟುತ್ತಿರುವ ಮನೆಗಾದರೆ ಶೇ 5, ಅಂದರೆ 2.40 ಲಕ್ಷ ಜಾಸ್ತಿ ಬೀಳುತ್ತಿತ್ತು. ಬೆಲೆ 50 ಲಕ್ಷ ಮುಟ್ಟಿದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಕೆಲಸವೂ ನಮ್ಮದೇ ಆಗುತ್ತಿತ್ತು.

ಏಜೆಂಟ್ ಕೇಳಿದ್ದು ಶೇ 2. ಚೌಕಾಸಿ ಮಾಡಿ ಒಂದೂವರೆಗೆ ಇಳಿಸಿದೆವು, 72 ಸಾವಿರ. ಕ್ಯಾಶ್ ಕೊಟ್ಟರೆ ಇನ್ನೂ ಸ್ವಲ್ಪ ಬಿಡುತ್ತೇನೆ ಎಂದ. ನಾವು ಒಪ್ಪಲಿಲ್ಲ, ರಸೀದಿ ಬೇಕಿತ್ತು. ಕಾರಣ ಆಮೇಲೆ ಹೇಳುತ್ತೇನೆ. ದಾಖಲೆ ಹುಡುಕಿಸಿದ ವಕೀಲರಿಗೆ 8 ಸಾವಿರ, ಬ್ಯಾಂಕಿನ ಪ್ರೊಸೆಸಿಂಗ್ ಇತ್ಯಾದಿ 18 ಸಾವಿರ, ಬಣ್ಣ ಮತ್ತು ನಲ್ಲಿ ರಿಪೇರಿಗೆ 60 ಸಾವಿರ.

ತಲೆ ತಿಂದದ್ದು ಸೊಸೈಟಿ, ಅಂದರೆ ಆ ಬಿಲ್ಡಿಂಗಿನ ಫ್ಲ್ಯಾಟ್ ಮಾಲೀಕರ ಸಹಕಾರಿ ಸಂಘ. ಟ್ರಾನ್ಸ್‌ಫರಿಗೆ ಬಿಲ್ಡಿಂಗ್ ಫಂಡ್ ಅಂತ 75 ಸಾವಿರ ಕೊಡಿ ಎಂದರು ಸೆಕ್ರೆಟರಿ. ಎಲ್ಲರೂ ಕೊಟ್ಟಿದ್ದಾರಂತೆ. ಕಾಕಾ ಹಳೇ ಫೈಲಿನಿಂದ ಮರಾಠಿಯ ಒಂದು ಸರ್ಕಾರಿ ಆದೇಶ ತೆಗೆದು ಕೊಟ್ಟರು. 2001ರ ಆಗಸ್ಟಿನದು. ಟ್ರಾನ್ಸ್‌ಫರ್ ಪ್ರೀಮಿಯಂ 25 ಸಾವಿರ ಮೀರಬಾರದು, ದೇಣಿಗೆ ಅಂತ ಬೇರೆ ಕೇಳಬಾರದು. ಜೊತೆಗೆ 500 ಟ್ರಾನ್ಸ್‌ಫರ್ ಫೀ, 100 ಪ್ರವೇಶ ಶುಲ್ಕ, ಅಷ್ಟೇ. ಝೆರಾಕ್ಸ್ ಕೊಟ್ಟೆ. ಕಮಿಟಿ ಮೀಟಿಂಗ್ ಆಗಿಲ್ಲ ಎಂದು ಎರಡು ತಿಂಗಳು ಸುಮ್ನೆ ಓಡಾಡಿಸಿದರು. ಮೂರನೇ ತಿಂಗಳು 25,600 ತಗೊಂಡು ಶೇರ್ ಸರ್ಟಿಫಿಕೇಟಿನ ಮೇಲೆ ಹೆಸರು ಬರೆದರು. ಮಾರಿದವರು ಇದರಲ್ಲಿ ಅರ್ಧ ಕೊಡಬೇಕು ಎಂದು ಕರಾರಿನಲ್ಲಿ ಬರೆಸಿರಲಿಲ್ಲ. ಅದು ನನ್ನದೇ ತಪ್ಪು.

ಎಲ್ಲ ಕೂಡಿಸಿದಾಗ ಮನೆ ಬಿದ್ದದ್ದು 53,01,600ಕ್ಕೆ.

ಇದು ಒಮ್ಮೆ ಕೊಟ್ಟು ಮರೆಯುವ ದುಡ್ಡು. ಪ್ರತಿ ವರ್ಷ ಕಡಿಯುವುದು ಬೇರೆ. ಮೇಂಟೆನೆನ್ಸ್ ತಿಂಗಳಿಗೆ 1,800, ಅದು ನಮ್ಮದೇ. ಬಾಡಿಗೆಗೆ ಕೊಟ್ಟದ್ದಕ್ಕೆ ನಾನ್-ಆಕ್ಯುಪೆನ್ಸಿ ಚಾರ್ಜ್. ಮೇಂಟೆನೆನ್ಸಿನ ಒಂದು ಭಾಗವಾದ ಸರ್ವಿಸ್ ಚಾರ್ಜಿನ ಶೇ 10ಕ್ಕಿಂತ ಜಾಸ್ತಿ ಹಾಕುವಂತಿಲ್ಲ, ನಮಗೆ ತಿಂಗಳಿಗೆ 130. ಪಾಲಿಕೆ ತೆರಿಗೆಯಲ್ಲಿ ಮಾಲೀಕರೇ ವಾಸವಿದ್ದರೆ ಶೇ 40 ರಿಯಾಯಿತಿ. ಮಾರಿದವರ ಬಿಲ್ ನೋಡಿ ತೆರಿಗೆ ಕಡಿಮೆ ಇದೆ ಎಂದು ಖುಷಿಪಟ್ಟಿದ್ದೆವು. ನಮಗೆ ಬಂದದ್ದು 9 ಸಾವಿರ.

ಇನ್ನೊಂದು ಮಾತು. ಊರಿನಲ್ಲಿ 11 ತಿಂಗಳ ಕರಾರು ಬಾಂಡ್ ಪೇಪರಿನ ಮೇಲೆ ಬರೆದರೆ ಮುಗೀತು, ಅಲ್ವಾ? ಇಲ್ಲಿ ಹಾಗಲ್ಲ. ಮಹಾರಾಷ್ಟ್ರದಲ್ಲಿ 11 ತಿಂಗಳದ್ದಾದರೂ ಬಾಡಿಗೆ ಕರಾರು (ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ) ರಿಜಿಸ್ಟರ್ ಆಗಲೇಬೇಕು, ಮಾಡಿಸುವ ಹೊಣೆ ಮಾಲೀಕರದು. ರಿಜಿಸ್ಟ್ರೇಷನ್ ಫೀ ನಗರದಲ್ಲಿ 1,000. ಅದು ಮತ್ತು ಸ್ಟ್ಯಾಂಪು ಬಾಡಿಗೆದಾರನೇ ಕೊಟ್ಟ, ಹಾಗೆ ಮಾತಾಗಿತ್ತು.

ಮೊದಲ ವರ್ಷ ಒಂದು ತಿಂಗಳು ಮನೆ ಖಾಲಿ ಇತ್ತು. ಬಾಡಿಗೆ ಏಜೆಂಟನಿಗೆ 15 ದಿನದ ಬಾಡಿಗೆ. ಗೀಸರ್ ಕೆಟ್ಟಿತು, ಅದೂ ಇದೂ ಸೇರಿ 6 ಸಾವಿರ. ಉಳಿದದ್ದು 1,19,340.

ರಸೀದಿಗಳೆಲ್ಲ ಒಂದು ಫೈಲಿನಲ್ಲಿವೆ. ಎರಡು ವರ್ಷ ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್, ಏಜೆಂಟನ ಕಮಿಷನ್ ಕೊಂಡ ಬೆಲೆಗೆ ಸೇರುತ್ತವೆ, ಲಾಭ ಅಷ್ಟು ಇಳಿಯುತ್ತದೆ. ಕ್ಯಾಶ್ ಕೊಟ್ಟು ರಸೀದಿ ಬಿಟ್ಟಿದ್ದರೆ ಏನು ತೋರಿಸಬೇಕಿತ್ತು?

ವರ್ಷ ತುಂಬಿದ ಮೇಲೆ ನೋಟ್‌ಬುಕ್ ಹಿಡಿದು ಕಾಕಾನ ಮನೆಗೆ ಹೋದೆ. "ಶೇ 2.25 ಉಳೀತು ಕಾಕಾ" ಎಂದೆ. ಕನ್ನಡಕ ಏರಿಸಿ ಪುಟ ತಿರುವಿದರು. "ಲೋನಿನ ಬಡ್ಡಿ ಹಿಡದೀಯೇನು ಇದರಾಗ?"

ಹಿಡಿದಿರಲಿಲ್ಲ.