ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಮೊದಲು ಡ್ರಮ್ ಬಿಚ್ಚಿ

ಹಳೇ ಪಿಕಪ್ಪಿನ ಹ್ಯಾಂಡ್‌ಬ್ರೇಕ್ ಕೆಟ್ಟರೆ ನಮ್ಮ ಮಂಡ್ಯ ಕಡೆ ಇರೋದು ಒಂದೇ ಮದ್ದು, ಹಿಂದಿನ ಚಕ್ರಕ್ಕೆ ಕಲ್ಲು. "ಬುಡಪ್ಪ, ಅದುಕ್ಯಾಕೆ ತಲೆ ಕೆಡುಸ್ಕತೀಯ, ಒಂದ್ ಕಲ್ಲು ಮಡುಗುದ್ರಾಯ್ತು" ಅಂತ ಓನರ್ ಅಣ್ಣನೇ ಹೇಳಿದ್ದರು. ಅದೇ ಗಾಡಿ ಈಗ ಟನ್ನುಗಟ್ಟಲೆ ಬೆಲ್ಲ ಹೊತ್ತು ಮೇಲುಕೋಟೆ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಲಿವರಿನ 6ನೇ ಹಲ್ಲಿಗೆ (ಎಳೆದಾಗ ಆರನೇ ಸಲ ಟಕ್ ಅನ್ನೋ ಹೊತ್ತಿಗೆ) ಕಚ್ಚಿ ನಿಲ್ಲುತ್ತೆ.

ನನ್ನ ಶೆಡ್ಡಿಗೆ ಬರೋ ಹೊತ್ತಿಗೆ ಅದು ಬೇರೆ ಗ್ಯಾರೇಜು ಸುತ್ತಿ ಬಂದಿತ್ತು. ಎಲ್ಲರೂ ಕೇಬಲ್ಲಿನ ಅಡ್ಜಸ್ಟರ್ ನಟ್ ಬಿಗಿ ಮಾಡಿದವರೇ. ಒಬ್ಬರು ಹೊಸ ಕೇಬಲ್ ಹಾಕಿ 1,500ರ ಹತ್ತಿರ ಇಸ್ಕೊಂಡಿದ್ದರು. ಥ್ರೆಡ್ ಮುಗಿದಿತ್ತು, ಲಿವರ್ 14 ಹಲ್ಲು ಎಳೆದರೂ ಗಾಡಿ ಜಾರ್ತಿತ್ತು.

ಕೆಳಗೆ ನುಗ್ಗಿ ನೋಡಿದರೆ ಈಕ್ವಲೈಸರ್, ಅಂದ್ರೆ ಕೇಬಲ್ ಎಳೆತನ ಎರಡೂ ಹಿಂಚಕ್ರಕ್ಕೆ ಸಮ ಹಂಚೋ ಪಟ್ಟಿ, ಓರೆಯಾಗಿ ಎಳೀತಿತ್ತು. ಕೇಬಲ್ ಪೂರ್ತಿ ಸಡಿಲ ಬಿಟ್ಟು ಹಿಂಚಕ್ರಗಳ ಬ್ರೇಕ್ ಡ್ರಮ್ ಇಳಿಸಿದೆ. ಬಲಗಡೆ ಚೆನ್ನಾಗಿತ್ತು. ಎಡಗಡೆ ಶೂ (ಡ್ರಮ್ಮನ್ನ ಒಳಗಿಂದ ಒತ್ತಿ ಹಿಡಿಯೋದು) ಹಿಂದೆ ಕೇಬಲ್ ಎಳೆಯೋ ಸಣ್ಣ ಲಿವರ್ ಪಿನ್ನಿನಲ್ಲಿ ತುಕ್ಕು ಹಿಡಿದು ಅರ್ಧಕ್ಕೇ ಕೂತುಬಿಟ್ಟಿತ್ತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗಿನ ಕಬ್ಬಿನ ಗದ್ದೆಗೆ ಇಳಿದು ಹತ್ತೋ ಗಾಡಿ, ಕೆಸರು ಹೋಗದ ಸಂದಿಲ್ಲ. ಆ ಸಣ್ಣ ಲಿವರ್ ಅರ್ಧದಲ್ಲೇ ನಿಂತರೆ ಎಳೆಯೋಕೆ ಉಳಿದಿರೋದು ಇನ್ನರ್ಧ ಮಾತ್ರ. ಮೇಲಿಂದ ನಟ್ ಬಿಗಿ ಮಾಡಿದಷ್ಟೂ ಆ ಅರ್ಧವೂ ಹೋಗುತ್ತೆ.

ಶೂ ಮೇಲೆ ಅಂಟಿಸಿರೋ, ಡ್ರಮ್ಮಿಗೆ ಉಜ್ಜೋ ಲೈನರ್ ಬೇರೆ ಎಣ್ಣೆ ಕುಡಿದಿತ್ತು. ಓನರ್ ಅಣ್ಣ ಖರ್ಚು ಬೇಡ ಅಂದಿದ್ದಕ್ಕೆ ಪೆಟ್ರೋಲಲ್ಲಿ ತೊಳೆದು, ಬ್ಲೋಲ್ಯಾಂಪಲ್ಲಿ ಕಾಯಿಸಿ, ಎಮೆರಿ ಉಜ್ಜಿ ಹಾಕಿ ನೋಡಿದೆ. ವಾರ ತುಂಬೋದರೊಳಗೆ ಎಣ್ಣೆ ಮತ್ತೆ ಮೇಲೆ ಬಂತು. ಆಮೇಲೆ ಎರಡೂ ಕಡೆ ಹೊಸ ಲೈನರ್, ಹೊಸ ಆಯಿಲ್ ಸೀಲ್. ಸಾಮಾನಿಗೆ 1,300–1,400 ಆಗಿರಬೇಕು. ಸೀಲ್ ಒಂದೇ ಹಾಕಿದ್ದರೆ ಮತ್ತೆ ಸೋರ್ತಿತ್ತು: ಆಕ್ಸಲ್ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡೋ ತೂತು) ಕೆಸರಲ್ಲಿ ಮುಚ್ಚಿಕೊಂಡು, ಒಳಗಿನ ಒತ್ತಡಕ್ಕೆ ಎಣ್ಣೆ ಸೀಲ್ ದಾಟಿ ಬರ್ತಿತ್ತು. ಅದನ್ನ ಬಿಡಿಸೋಕೆ ಒಂದು ತಂತಿ, ಒಂದಿಷ್ಟು ಡೀಸೆಲ್ ಸಾಕಾಯ್ತು.

ತುಕ್ಕು ಬಿಡಿಸಿ ಪಿನ್ನಿಗೆ ಏನು ಸವರಿದೆ ಅನ್ನೋದು ನನ್ನಲ್ಲೇ ಇರಲಿ. ಮಾಮೂಲಿ ಗ್ರೀಸಂತೂ ಅಲ್ಲ, ಅದು ಡ್ರಮ್ ಬಿಸಿಗೆ ಕರಗಿ ಲೈನರಿಗೇ ಇಳಿಯುತ್ತೆ.

ಹಾಗೇ ಲೈನರ್ ಡ್ರಮ್ಮಿಗೆ ಪೂರ್ತಿ ತಾಗುತ್ತಾ ಅಂತ ಒಂದು ಪರೀಕ್ಷೆನೂ ಮಾಡಿದೆ. ಹೊಸ ಲೈನರ್ ಮೇಲೆ ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ, ಶೂ ತಾಗೋ ಹಾಗೆ ಹ್ಯಾಂಡ್‌ಬ್ರೇಕ್ ಲಿವರ್ ಎಳೆದು ಕೈಯಲ್ಲಿ ತಿರುಗಿಸಿದೆ. ಎರಡು ತುದೀಲಿ ಮಾತ್ರ ಸುಣ್ಣ ಅಳಿಸಿತ್ತು, ನಡುವೆ ಬಿಳಿ ಹಾಗೇ ಇತ್ತು. ತುದಿ ಅರದಿಂದ ಸವೆಸಿ, ಮತ್ತೆ ಬಳಿದು, ಮುಕ್ಕಾಲು ಪಾಲು ಅಳಿಸೋವರೆಗೂ ಬಿಡಲಿಲ್ಲ. ಲೈನರ್ ಪುಡಿಗೆ ಗಾಳಿ ಹೊಡೀಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಹಳೇ ಲೈನರಿನಲ್ಲಂತೂ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು.

ಆಮೇಲೆ ಶೂ ಮತ್ತೆ ಡ್ರಮ್ ನಡುವಿನ ಸಂದು ಹೊಂದಿಸೋ ಸ್ಟಾರ್ ವೀಲ್ ತಿರುಗಿಸಿ ಡ್ರಮ್ ಸಣ್ಣಗೆ ಉಜ್ಜೋ ಹಾಗೆ ಶೂ ಕೂರಿಸಿ, ಪೆಡಲ್ ತುಳಿದು, ಕೊನೆಗೆ ಕೇಬಲ್. ಲೋಡ್ ಹೊತ್ತು ಏರಿನಲ್ಲಿ ನ್ಯೂಟ್ರಲ್ ಮಾಡಿ ನಿಲ್ಲಿಸಿದಾಗ ಹುಡುಗ ಚಕ್ರಕ್ಕೆ ಒಡ್ಡೋ ಕಟ್ಟೆ ಹಿಡಿದು ಹಿಂಚಕ್ರದ ಪಕ್ಕದಲ್ಲೇ ಇದ್ದ. ಬೇಕಾಗಲಿಲ್ಲ. ಕೂಲಿ ಸೇರಿ 2,200ಕ್ಕೆ ಮುಗೀತು. ಲೈನರ್ ಕೂತ ಮೇಲೆ ಒಂದೆರಡು ಹಲ್ಲು ಜಾಸ್ತಿ ಬರುತ್ತೆ. ಆಗಲೂ ಸ್ಟಾರ್ ವೀಲನ್ನೇ ತಿರುಗಿಸಿ, ಕೇಬಲ್ ನಟ್ ಮುಟ್ಟಬೇಡಿ.