ಹೊಸಬರಿಗೆ ಮಾರ್ಗದರ್ಶಿ: ಕರಾವಳಿಯಲ್ಲಿ ಬಿ.ಪಿ. ಗುಳಿಗೆ

ಕೈಗಾಕ್ಕೋ ಕದಂಬ ನೌಕಾನೆಲೆಗೋ ವರ್ಗವಾಗಿ ಕಾರವಾರಕ್ಕೆ ಬರುವಾಗ ಮನೆಯ ಹಿರಿಯರ ಬಿ.ಪಿ. ಗುಳಿಗೆ ಎಷ್ಟೋ ಸಲ ವೈದ್ಯರ ಚೀಟಿಯಿಲ್ಲದೆ ಬರುತ್ತದೆ. ಹಳೇ ಊರಿನ ಅಂಗಡಿಯವರಿಗೆ ಮುಖ ನೋಡಿದರೆ ಸಾಕಿತ್ತು, ಗುಳಿಗೆ ಕೊಡುತ್ತಿದ್ದರು. ಇಲ್ಲಿ ಹಾಗಾಗದು. ಸಾಮಾನು ಬಿಚ್ಚುವ ಮೊದಲೇ ಒಂದು ಕೆಲಸ ಮಾಡಿ: ಸ್ಟ್ರಿಪ್ ತಿರುಗಿಸಿ, ಕಂಪನಿಯ ದಪ್ಪಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೂ ಮಿಲಿಗ್ರಾಂ ಅನ್ನೂ ಬರೆದಿಟ್ಟುಕೊಳ್ಳಿ.

ಉದಾಹರಣೆಗೆ ಟೆಲ್ಮಾ 40 ಎಂದರೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮಾತ್ರ. ಟೆಲ್ಮಾ-ಎಎಂ ಆದರೆ ಅದರೊಳಗೆ ಆಮ್ಲೋಡಿಪಿನ್ 5 ಮಿ.ಗ್ರಾಂ ಕೂಡ ಸೇರಿದೆ. ಟೆಲ್ಮಾ-ಎಚ್‌ನಲ್ಲಿ ಇರುವುದು ಹೈಡ್ರೋಕ್ಲೋರೋಥಯಜೈಡ್ 12.5 ಮಿ.ಗ್ರಾಂ, ಅಂದರೆ ಮೂತ್ರ ಹೆಚ್ಚಿಸುವ ಔಷಧ. ಬಾಲದ ಆ ಒಂದೆರಡು ಅಕ್ಷರ ತಪ್ಪಿದರೆ ಔಷಧವೇ ಬೇರೆ. ಇನ್ನೊಂದು ಅಪಾಯ ಹೀಗೆ ಬರುತ್ತದೆ: ಹಳೆಯ ಜೋಡಿ ಗುಳಿಗೆ ನಡೆಯುತ್ತಿರುತ್ತದೆ, ಇಲ್ಲಿಯ ವೈದ್ಯರು ಬೇರೆ ಕಂಪನಿಯ ಆಮ್ಲೋಡಿಪಿನ್ ಬರೆಯುತ್ತಾರೆ, ಹೆಸರು ಬೇರೆಯೆಂದು ಎರಡನ್ನೂ ನುಂಗುತ್ತಾರೆ. ಆಮೇಲೆ ತಲೆಸುತ್ತು, ಪಾದದ ಬಾವು. ಹಳೇ ಸ್ಟ್ರಿಪ್ ವೈದ್ಯರ ಮೇಜಿನ ಮೇಲಿಟ್ಟು "ಇದನ್ನು ಬಿಡಬೇಕೋ, ಮುಂದುವರಿಸಬೇಕೋ" ಎಂದು ಬಾಯಿಬಿಟ್ಟು ಕೇಳಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೂ ತಾಲೂಕು ಆಸ್ಪತ್ರೆಗೆ ಹೋದರೂ ಇದೇ ಕ್ರಮ. ಜನೌಷಧಿ ಅಂಗಡಿಯಲ್ಲಂತೂ ಔಷಧದ ಮೂಲ ಹೆಸರೇ ಬೇಕು.

ಬಯಲುಸೀಮೆಯಿಂದ ಬಂದವರಿಗೆ ಹೊಸದಾಗಿ ಎದುರಾಗುವುದು ತೇವ. ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಔಷಧ. ವಾರದ ಗುಳಿಗೆಗಳನ್ನೆಲ್ಲ ಒಡೆದು ಏಳು ಖಾನೆಯ ಡಬ್ಬಿಗೆ ತುಂಬುವ ಅಭ್ಯಾಸ ಧಾರವಾಡದಲ್ಲಿ ನಡೆದಿರಬಹುದು, ಇಲ್ಲಿಯ ಜೂನ್-ಜುಲೈಯಲ್ಲಿ ಬೇಡ. ಡಬ್ಬಿ ಬೇಕೇಬೇಕೆಂದರೆ ಗುಳಿಗೆಯ ಸುತ್ತಲಿನ ಫಾಯಿಲ್ ಒಡೆಯದ ಹಾಗೆ ಸ್ಟ್ರಿಪ್ಪನ್ನೇ ಕತ್ತರಿಯಿಂದ ತುಂಡು ಮಾಡಿ ಹಾಕಿ, ನುಂಗುವ ಹೊತ್ತಿಗೆ ಮಾತ್ರ ಒಡೆಯಿರಿ. ಒಲೆಯ ಮೇಲಿನ ಕಪಾಟು, ಬಚ್ಚಲ ಗೋಡೆಯ ಗೂಡು, ಕಾರಿನ ಡ್ಯಾಶ್‌ಬೋರ್ಡ್, ಮೂರೂ ತಪ್ಪು ಜಾಗ. ಮೆತ್ತಗಾದ, ಚುಕ್ಕೆ ಬಂದ ಗುಳಿಗೆಯನ್ನು ಎಸೆಯಿರಿ.

ಮಳೆಗಾಲಕ್ಕೆ ಹದಿನೈದು ದಿನದ ಗುಳಿಗೆ ಹೆಚ್ಚಿಗೆ ಇರಲಿ. ಅರಬೈಲ್, ದೇವಿಮನೆ, ಅಣಶಿ ಘಟ್ಟಗಳಲ್ಲಿ ಗುಡ್ಡ ಜರಿಯುವುದು ಇಲ್ಲಿ ಹೊಸತಲ್ಲ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಹಲವು ದಿನ ಬಂದಾಗಿತ್ತು. ಗುಳಿಗೆ ಮುಗಿಯಿತೆಂದು ಥಟ್ಟನೆ ನಿಲ್ಲಿಸುವುದು ಯಾರಿಗೂ ಒಳ್ಳೆಯದಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲಿ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಒಂದು ಹೊತ್ತು ಮರೆತರೆ ನೆನಪಾದ ತಕ್ಷಣ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಎಂದೂ ಬೇಡ.

ಏಪ್ರಿಲ್-ಮೇ ತಿಂಗಳ ಬೆವರು ಇನ್ನೊಂದು ಪರೀಕ್ಷೆ. ಮೂತ್ರ ಹೆಚ್ಚಿಸುವ ಗುಳಿಗೆ ಇರುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಕೂತು ಒಮ್ಮೆ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ಅಳೆಯಿರಿ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ವೈದ್ಯರಿಗೆ ಹೇಳಲೇಬೇಕು. ವಾಂತಿ-ಭೇದಿ ಹಿಡಿದ ದಿನ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಮತ್ತು ಮೂತ್ರದ ಗುಳಿಗೆ ಮೂತ್ರಪಿಂಡಕ್ಕೆ ಭಾರವಾಗಬಹುದು. ಅಂದೇ ಫೋನ್ ಮಾಡಿ, ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಾವಾಗಿಯೇ ಕೊಳ್ಳಬೇಡಿ. ಬಿ.ಪಿ. ಏರುತ್ತದೆ, ಈ ಗುಳಿಗೆಗಳ ಜತೆ ಸೇರಿ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಮಳೆಗಾಲದ ಜ್ವರ ಇಳಿಯದಿದ್ದರೆ ಇಲಿಜ್ವರದ ಪರೀಕ್ಷೆಗೆ ತಡಮಾಡಬೇಡಿ.

ರಾಮಿಪ್ರಿಲ್, ಎನಾಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. "ಇಲ್ಲಿಯ ಹವೆ ಹಿಡಿಸಲಿಲ್ಲ" ಎಂದು ತಿಂಗಳುಗಟ್ಟಲೆ ಸಿರಪ್ ಕುಡಿಯುವವರು, ಸಿರಸಿ ಕಡೆಯ ಕಷಾಯಕ್ಕೆ ಹೊರಳುವವರು ಮೊದಲು ಗುಳಿಗೆಯ ಹೆಸರು ನೋಡಲಿ. ಕಷಾಯದಲ್ಲಿ ಜ್ಯೇಷ್ಠಮಧು ಇದ್ದರೆ ಅದೇ ಬಿ.ಪಿ. ಏರಿಸುತ್ತದೆ. ತುಟಿ, ನಾಲಿಗೆ ಬಾತರೆ ಮಾತ್ರ ಮುಂದಿನ ಗುಳಿಗೆ ನುಂಗದೆ ಕೂಡಲೇ ಆಸ್ಪತ್ರೆಗೆ. ಆಮ್ಲೋಡಿಪಿನ್‌ನಿಂದ ಬರುವ ಪಾದದ ಬಾವಿಗೆ ಮೂತ್ರದ ಗುಳಿಗೆ ಅಷ್ಟಾಗಿ ನಾಟುವುದಿಲ್ಲ. ಪ್ರಮಾಣ ಇಳಿಸಬೇಕೋ ಔಷಧ ಬದಲಿಸಬೇಕೋ ಎಂಬುದನ್ನು ವೈದ್ಯರು ನೋಡಲಿ.

ಊಟದ ಮಾತು ಚುಟುಕಾಗಿ: ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ. ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಸಾಣಿಕಟ್ಟಾದ ಉಪ್ಪೂ ಸೋಡಿಯಮ್ಮೇ. "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು, ಅದರಲ್ಲೂ ಮೂತ್ರಪಿಂಡದ ತೊಂದರೆ ಇರುವವರು, ಕೇಳದೆ ಆ ಉಪ್ಪು ಬಳಸಬಾರದು. ದಿನವೂ ಎರಡು-ಮೂರು ಎಳನೀರು ಕುಡಿಯುವುದಕ್ಕೂ ಇದೇ ಮಾತು.

ಮಗುವಿನ ಯೋಚನೆಯಲ್ಲಿರುವ ತಾಯಂದಿರು ಗಮನಿಸಿ: ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಗರ್ಭದಲ್ಲಿರುವ ಶಿಶುವಿಗೆ ಅಪಾಯ. ಗರ್ಭ ನಿಲ್ಲುವ ಮೊದಲೇ ಲ್ಯಾಬೆಟಲಾಲ್‌ನಂಥ ಔಷಧಕ್ಕೆ ಬದಲಿಸಲು ಕೇಳಿಕೊಳ್ಳಿ.

ಮನೆಯಲ್ಲಿ ಅಳೆಯುವಾಗ ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ಬರಿ ತೋಳಿಗೆ ಪಟ್ಟಿ ಕಟ್ಟಿ, ತೋಳು ಎದೆಯ ಮಟ್ಟಕ್ಕಿರಲಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಹೊಗೆಸೊಪ್ಪಿನ ಕವಳ ಬೇಡ. ಅಂಕಿ 180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದರೆ ಅಂದೇ ವೈದ್ಯರನ್ನು ಕಾಣಿ. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಬದಿ ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ನಾಲಿಗೆಯಡಿ ನಿಫೆಡಿಪಿನ್ ಇಡುವ ಹಳೇ ಪದ್ಧತಿ ಬೇಡವೇ ಬೇಡ; ಬಿ.ಪಿ. ಒಮ್ಮೆಲೇ ಕುಸಿದು ಮಿದುಳಿಗೆ ರಕ್ತ ಸಾಲದಾಗುತ್ತದೆ.